ಎರಡು ಎಕರೆ ಎಪ್ಪತ್ತೈದು ಗುಂಟೆ

ಲ್ಯಾಪ್‌ಟಾಪ್ ಪರದೆ ಮೇಲಿದ್ದ ಸಾಲನ್ನ ಕಾಕಾ ಎರಡು ಸಲ ಓದಿದರು. ಕನ್ನಡಕ ತೆಗೆದು ಒರೆಸಿಕೊಂಡು ಮೂರನೇ ಸಲ ಓದಿದರು.

“ಇದ್ಯಾವ ಊರಿನ ಹೊಲಾನೋ ತಮ್ಮಾ?”

“ನಮ್ಮೂರಿಂದನ ಅಂತ ತಿಳ್ಕೋರಿ ಕಾಕಾ. ಸುಳ್ಳ ಡೇಟಾ ಅದು. ಪ್ರಾಜೆಕ್ಟ್ ಟೆಸ್ಟ್ ಮಾಡಾಕ ಕಂಪ್ಯೂಟರೇ ಹುಟ್ಟಿಸಿದ್ದು.”

“ಸುಳ್ಳಿಗಾದ್ರೂ ಒಂದ್ ಲೆಕ್ಕ ಬ್ಯಾಡೇನು? ಎರಡು ಎಕರೆ ಎಪ್ಪತ್ತೈದು ಗುಂಟೆ ಅಂತೈತಿ. ನಲವತ್ತು ಗುಂಟೆ ಆದ ಕೂಡ್ಲೇ ಎಕರೆ ಆಗಬೇಕಲ್ಲ. ನಿನ್ನ ಹೊಲ ಎಪ್ಪತ್ತೈದು ಆಗೋಮಟ ಸುಮ್ನ ಕುಂತಿತ್ತೇನು?”

ಪರದೆ ಮೇಲೆ ಇದ್ದದ್ದು 2.75. ನನ್ನ ಪ್ರಕಾರ ಅದು ಎರಡೂಮುಕ್ಕಾಲು ಎಕರೆ. ಕಾಕಾ ಅದನ್ನ ಪಹಣಿ ಓದಿದ ಹಾಗೆ ಓದಿದರು. ಪಹಣಿಯಲ್ಲಿ ಎಕರೆ ಆದ ಮೇಲೆ ಬರೋದು ಗುಂಟೆ, ಆಮೇಲೆ ಆಣೆ. 40 ಗುಂಟೆಗೆ ಒಂದು ಎಕರೆ, 16 ಆಣೆಗೆ ಒಂದು ಗುಂಟೆ. ಅಲ್ಲಿ 1.20 ಅಂತ ಇದ್ದರೆ ಒಂದೂವರೆ ಎಕರೆ. ಈ ಲೆಕ್ಕ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಹುಟ್ಟಿದ್ದು ಹತ್ತರಗಿಯಲ್ಲಿ, ಅನ್ನ ತಿಂದದ್ದು ಕಬ್ಬಿನ ದುಡ್ಡಲ್ಲಿ. ಆದರೂ ಟೇಬಲ್ ಡಿಸೈನ್ ಮಾಡುವಾಗ ಪಹಣಿಯಲ್ಲಿ ಚುಕ್ಕಿ ಕಂಡದ್ದೇ ತಡ, ಕೈ ತಾನಾಗಿ ಡೆಸಿಮಲ್ ಅಂತ ಟೈಪ್ ಮಾಡಿತ್ತು. ನಾಲ್ಕು ವರ್ಷದ ಇಂಜಿನಿಯರಿಂಗ್ ಕೈಗೆ ಅಷ್ಟು ಕಲಿಸಿತ್ತು.

ಇದು ಕಳೆದ ದೀಪಾವಳಿ ರಜೆಯ ಮಾತು. ಹತ್ತರಗಿ ಗೊತ್ತಿಲ್ಲದವರಿಗೆ ಹೇಳಬೇಕಂದರೆ, ಬೆಳಗಾವಿಯಿಂದ ಸಂಕೇಶ್ವರದ ಕಡೆ 48ನೇ ನಂಬರಿನ ಹೆದ್ದಾರಿಯಲ್ಲಿ ಹೋಗುವಾಗ ಟೋಲ್ ಸಿಗುತ್ತಲ್ಲ, ಅದೇ ಊರು. ಬಹಳ ಮಂದಿಗೆ ನಮ್ಮೂರು ಅಂದರೆ ಫಾಸ್ಟ್‌ಟ್ಯಾಗಿನಿಂದ ಕಟ್ ಆದ ದುಡ್ಡಿನ ಮೆಸೇಜ್ ಅಷ್ಟೇ. ಹಂಗಾಮು ಶುರುವಾದರೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ರಾತ್ರಿಯೆಲ್ಲ ಹಾಡು ಹಚ್ಚಿಕೊಂಡು ಹೋಗುತ್ತವೆ. ನಮ್ಮ ಟೀಮಿನ ನಾಲ್ವರಲ್ಲಿ ಮೂವರು ಕಬ್ಬಿನ ಮನೆಯವರು. ಹಾಗಾಗಿ ಫೈನಲ್ ಇಯರ್ ಪ್ರಾಜೆಕ್ಟಿಗೆ ಕಬ್ಬು ನೋಂದಣಿಯಿಂದ ಬಿಲ್ ಜಮಾ ಆಗುವವರೆಗಿನ ಸಾಫ್ಟ್‌ವೇರ್ ಮಾಡೋಣ ಅಂತ ಆಯ್ತು. ಫೇಸ್ ರೆಕಗ್ನಿಷನ್ ಅಟೆಂಡೆನ್ಸ್ ಮಾಡುವ ಹನ್ನೊಂದನೇ ಟೀಮ್ ಆಗುವುದು ಯಾರಿಗೂ ಬೇಡವಾಗಿತ್ತು.

ಸರಳ ಅನ್ನಿಸಿತ್ತು. ರೈತ, ಹೊಲ, ಕಬ್ಬು, ತೂಕ, ಬಿಲ್. ಬರೀತಾ ಹೋದಂತೆ ಟೇಬಲ್ಲು 14 ಆದವು. ರೈತನಿಗೆ ಕಾರ್ಖಾನೆಯ ಷೇರು ಇರಬಹುದು, ಇಲ್ಲದೆಯೂ ಇರಬಹುದು. ಹೊಲಕ್ಕೆ ಸರ್ವೆ ನಂಬರು, ಅದಕ್ಕೆ ಹಿಸ್ಸಾ. ಒಂದು ಹೊಲದಲ್ಲಿ ಎರಡು ತಳಿ, 86032 ಒಂದು ಕಡೆ, 265 ಇನ್ನೊಂದು ಕಡೆ. ನಾಟಿ ಕಬ್ಬು ಬೇರೆ, ಕೂಳೆ ಬೇರೆ. ಕಟಾವಿನ ಚೀಟಿ, ಕಡಿಯುವ ಗ್ಯಾಂಗ್, ಗಾಡಿ, ಕಾಟಾ ಚೀಟಿ, ಬಿಲ್ಲು, ಬಿಲ್ಲಿನಲ್ಲಿ ಸೊಸೈಟಿ ಸಾಲದ ಕಡಿತ, ಕೊನೆಗೆ ಬ್ಯಾಂಕ್ ಖಾತೆ. ಒಂದಕ್ಕೊಂದು ಫಾರಿನ್ ಕೀ. ಕಾಟಾ ಚೀಟಿಯ ಒಂದೇ ಒಂದು ಸಾಲು ಟೆಸ್ಟ್ ಮಾಡಬೇಕಂದರೂ ಅದರ ಹಿಂದೆ ಏಳು ಟೇಬಲ್ಲಿನಲ್ಲಿ ಏಳು ಸಾಲು ಇರಲೇಬೇಕು. ಕೈಯಿಂದ ತುಂಬಿದರೆ ಜನ್ಮ ಸಾಲದು.

ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು. ಪೈಥಾನಿನ ಫೇಕರ್ ಲೈಬ್ರರಿ ಹಾಕಿ ಲೂಪ್ ಓಡಿಸಿದೆವು. ಏನೂ ಸೆಟ್ಟಿಂಗ್ ಬದಲಿಸದೆ ಓಡಿಸಿದ್ದರಿಂದ ಮೊದಲ ದಿನ ಹುಕ್ಕೇರಿ ತಾಲೂಕಿನಲ್ಲಿ ಜೆನ್ನಿಫರ್‌ಗಳೂ ಮೈಕೆಲ್‌ಗಳೂ ಕಬ್ಬು ಬೆಳೆದರು. ಆಮೇಲೆ ನಮ್ಮ ಕಡೆಯ ಹೆಸರಿನ ಪಟ್ಟಿ ಕೊಟ್ಟೆವು: ಪಾಟೀಲ, ಚೌಗಲಾ, ನಾಯಿಕ, ಮುಲ್ಲಾ, ಬಡಿಗೇರ, ಮಗದುಮ್ಮ. (ಹೆಸರು ಹುಟ್ಟಿಸುವ ಕೆಲಸ ಹೊಸದೇನಲ್ಲ. ಡೇಟಾಬೇಸ್ ವೇಗ ಅಳೆಯುವ ಟಿಪಿಸಿ-ಸಿ ಅನ್ನುವ ಬೆಂಚ್‌ಮಾರ್ಕ್ 1992ರಲ್ಲಿ ಬಂತು. ಅದರಲ್ಲಿ ಹತ್ತು ತುಣುಕುಗಳಲ್ಲಿ ಮೂರು ಮೂರು ಜೋಡಿಸಿ ಸಾವಿರ ಅಡ್ಡಹೆಸರು ಮಾಡುತ್ತಾರೆ. ಅದರ ಮೊದಲ ಗಿರಾಕಿಯ ಅಡ್ಡಹೆಸರು ಬಾರ್‌ಬಾರ್‌ಬಾರ್. ಲ್ಯಾಬಿನಲ್ಲಿ ಒಂದು ವಾರ ನಾವು ಒಬ್ಬರನ್ನೊಬ್ಬರು ಹಾಗೇ ಕರೆದೆವು.)

500 ರೈತರು, 1,200 ಹೊಲ, 9,000 ಕಾಟಾ ಚೀಟಿ. ಟೆಸ್ಟ್ ಎಲ್ಲಾ ಹಸಿರು. ಮೊದಲ ರಿವ್ಯೂ ಸಲೀಸಾಗಿ ಮುಗೀತು. ಅದೇ ಖುಷಿಯಲ್ಲಿ ಊರಿಗೆ ಬಂದು ಕಾಕಾಗೆ ತೋರಿಸಲು ಹೋಗಿದ್ದೆ.

ಆ ರಾತ್ರಿ ಕೋಡ್ ತೆರೆದು ನೋಡಿದೆ. ಎರಡು ಹೊಲದ ಕ್ಷೇತ್ರ ಕೂಡಿಸುವ ಫಂಕ್ಷನ್ನಿಗೆ ನಾನೇ ಬರೆದ ಟೆಸ್ಟ್ ಇತ್ತು. 1.20 ಮತ್ತು 1.20 ಕೂಡಿದರೆ 2.40 ಬರಬೇಕು. ಬರುತ್ತಿತ್ತು. ಹೊಲದಲ್ಲಿ ಅದು ಎರಡು ಎಕರೆ ನಲವತ್ತು ಗುಂಟೆ, ಅಂದರೆ ಮೂರು ಎಕರೆ. ಎಕರೆಗೆ 40 ಟನ್ ಹಿಡಿದರೆ 120 ಟನ್ ಅಂದಾಜು ಬರಬೇಕಾದಲ್ಲಿ ನಮ್ಮ ಪ್ರೋಗ್ರಾಮ್ 96 ಅನ್ನುತ್ತಿತ್ತು. ಉಳಿದ 24 ಟನ್ನಿಗೆ ಕಟಾವಿನ ಚೀಟಿಯೇ ಹುಟ್ಟುತ್ತಿರಲಿಲ್ಲ. ಕಬ್ಬು ಹೊಲದಲ್ಲೇ ನಿಂತು ಹೂ ಬಿಡಬೇಕು, ಅಷ್ಟೆ.

ನನಗೆ ನಿದ್ದೆ ಕೆಡಿಸಿದ್ದು ಆ ತಪ್ಪಲ್ಲ, 9,000 ಸಾಲಿನಲ್ಲಿ ಒಂದು ಸಾಲೂ ಅದನ್ನ ಹಿಡಿಯಲಿಲ್ಲ ಅನ್ನುವುದು. ಹೇಗೆ ಹಿಡಿದೀತು? ಕೋಡ್ ಬರೆದ ತಲೆಯೇ ಡೇಟಾ ಹುಟ್ಟಿಸುವ ಲೂಪ್ ಬರೆದಿತ್ತು. ಕೋಡಿಗೆ ಏನು ಗೊತ್ತಿರಲಿಲ್ಲವೋ ಡೇಟಾಕ್ಕೂ ಅದು ಗೊತ್ತಿರಲಿಲ್ಲ. ಸಾಲು 9,000 ಇರಲಿ, 9 ಲಕ್ಷ ಇರಲಿ, ನನ್ನ ಒಂದೇ ಅಜ್ಞಾನವನ್ನ ಅಷ್ಟು ಸಲ ಪ್ರಿಂಟ್ ತೆಗೆದಂತೆ.

ಮರುದಿನ ನೋಟ್‌ಬುಕ್ ಹಿಡಿದು ಕಾಕಾ ಮುಂದೆ ಕೂತೆ. ಅವರು ಎಮ್ಮೆಗೆ ಮೇವು ಹಾಕುತ್ತಾ ಕೇಳಿದ ಮೊದಲ ಪ್ರಶ್ನೆಗೇ ನನ್ನ ಸ್ಕೀಮಾ ಅಲ್ಲಾಡಿತು.

“ನಿನ್ನ ಐನೂರು ರೈತರಾಗ ಸತ್ತವ್ರು ಎಷ್ಟ್ ಮಂದಿ ಅದಾರು?”

ಒಬ್ಬರೂ ಇರಲಿಲ್ಲ. ನನ್ನ ರೈತರೆಲ್ಲ 21ರಿಂದ 70ರ ನಡುವೆ ಗಟ್ಟಿಮುಟ್ಟಾಗಿದ್ದರು. ಆದರೆ ನಮ್ಮದೇ ಮನೆಯ ಒಂದು ಹೊಲದ ಪಹಣಿ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲೇ ಇದೆ. ವಾರಸಾ ಮಾಡಿಸಬೇಕು ಅಂತ ನಾನು ಹೈಸ್ಕೂಲಿನಲ್ಲಿದ್ದಾಗಿನಿಂದ ಕೇಳುತ್ತಿದ್ದೇನೆ. ಷೇರು ಅಪ್ಪನ ಹೆಸರಿನಲ್ಲಿ. ಉಳುವವರು ಕಾಕಾ. ಬಿಲ್ ಬೀಳುವ ಖಾತೆ ಮತ್ತೊಬ್ಬರದು. ನಮ್ಮ ಮಾಡೆಲ್ಲಿನಲ್ಲಿ ಈ ನಾಲ್ಕೂ ಒಬ್ಬನೇ ಮನುಷ್ಯ, ಒಂದೇ ರೈತ ಐಡಿ. ನಮ್ಮ ಮನೆಯೇ ನನ್ನ ಡೇಟಾಬೇಸಿನೊಳಗೆ ಹಿಡಿಸುತ್ತಿರಲಿಲ್ಲ!

ಒಂದೊಂದಾಗಿ ಬಂದವು. ಸರ್ವೆ ನಂಬರನ್ನ ನಾನು ಯುನಿಕ್ ಮಾಡಿದ್ದೆ. ಊರೂರಿಗೂ 112ನೇ ನಂಬರು ಇರುತ್ತೆ ಮಾರಾಯ. ಭೂಮಿ ಸಾಫ್ಟ್‌ವೇರಿನಲ್ಲಿ ಪಹಣಿ ತೆಗೆಯುವಾಗ ಜಿಲ್ಲೆ, ತಾಲೂಕು, ಹೋಬಳಿ, ಊರು, ಸರ್ವೆ ನಂಬರು, ಸರ್‌ನಾಕ್, ಹಿಸ್ಸಾ ಅಂತ ಅಷ್ಟೊಂದು ಯಾಕೆ ಕೇಳುತ್ತೆ ಅಂತ ಬೈಯ್ದುಕೊಂಡಿದ್ದೆ, ಉತ್ತರ ಅವತ್ತು ಸಿಕ್ಕಿತು. ಅದರಲ್ಲೂ ತಾಲೂಕು ಸ್ಥಿರ ಅಲ್ಲ. ಮೂಡಲಗಿ ಕಡೆಯ ಹೊಲಗಳ ಹಳೇ ಕಾಗದದಲ್ಲಿ ಗೋಕಾಕ ತಾಲೂಕು ಅಂತಿರುತ್ತೆ, ಹೊಸದರಲ್ಲಿ ಮೂಡಲಗಿ. ಜಿಲ್ಲೆಯ ಹೆಸರೇ 2014ರ ನವೆಂಬರ್ 1ರಂದು ಬೆಲ್ಗಾಮ್ ಹೋಗಿ ಬೆಳಗಾವಿ ಆಯ್ತು. ಹೊಲ ಮಾತ್ರ ಇದ್ದಲ್ಲೇ ಇದೆ.

ನೆರೆ ಬಂದ ವರ್ಷ? 2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕದೊಳಗೇ ನುಗ್ಗಿದಾಗ ಹೊಳೆದಂಡೆಯ ಕಬ್ಬು ನೀರಿನಲ್ಲಿ ನಿಂತು ಕೊಳೆಯಿತು. ನೋಂದಣಿ ಇದೆ, ಕಾಟಾ ಚೀಟಿ ಸೊನ್ನೆ. ನಮ್ಮ ಸರಾಸರಿ ಇಳುವರಿ ರಿಪೋರ್ಟ್ ಅಲ್ಲಿ ಸೊನ್ನೆಯಿಂದ ಭಾಗಿಸಲು ಹೋಗಿ ಬಿತ್ತು. ಸುಟ್ಟ ಕಬ್ಬು? ವೈರ್ ಕಿಡಿ ಬಿದ್ದು ರವದಿಗೆ ಬೆಂಕಿ ಹತ್ತಿದರೆ ಸರದಿ ಬಿಟ್ಟು ಅವತ್ತೇ ಕಡಿಯಬೇಕು, ತೂಕವೂ ಹೋಗುತ್ತೆ, ದರದಲ್ಲೂ ಕಡಿತ. ಎಕರೆಗೆ 110 ಟನ್ ಬಂದರೆ? ನಾನು ಅದಕ್ಕೆ ಎರರ್ ಹಾಕಿದ್ದೆ. ಕಾಕಾ ನಕ್ಕರು. “ಅಳಿಯನ ಕಬ್ಬು ಮಾವನ ಚೀಟಿ ಮ್ಯಾಲ ಹೋಗಿರ್ತೈತಿ. ಅದನ್ನ ನಿನ್ನ ಕಂಪ್ಯೂಟರ್ ಒಳಗ ಬಿಟ್ಕೋಬೇಕೋ ಬ್ಯಾಡೋ ನೀನ ನೋಡು. ಬರೋದಂತೂ ಬರ್ತೈತಿ.”

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಸುಳ್ಳು ಡೇಟಾದಿಂದ ನಾಚಿಕೆಯಾಗಿದ್ದಕ್ಕೆ ನಾನು ಅದರ ಪೂರ್ತಿ ಉಲ್ಟಾ ಕಡೆಗೆ ಹಾರಿದೆ. ನಿಜದ ಡೇಟಾ ಹಾಕಿದರೆ ತಂಟೆಯೇ ಇಲ್ಲವಲ್ಲ! ಓಣಿಯ ಏಳೆಂಟು ಮನೆಗೆ ಹೋಗಿ ಹಿಂದಿನ ಹಂಗಾಮಿನ ಕಾಟಾ ಚೀಟಿ, ಬಿಲ್ಲು ಎಲ್ಲ ಫೋಟೋ ಹೊಡೆದುಕೊಂಡು ಬಂದೆ. ಯಾರೂ ಇಲ್ಲ ಅನ್ನಲಿಲ್ಲ. ಚಹಾ ಬೇರೆ ಕೊಟ್ಟರು. ಕಾಲೇಜಿನ ಹುಡುಗ, ಏನೋ ಓದಿನ ಕೆಲಸ ಅಂದುಕೊಂಡರು.

ಡಿಸೆಂಬರಿನ ರಿವ್ಯೂನಲ್ಲಿ ಪ್ರೊಜೆಕ್ಟರ್ ಮೇಲೆ ಬಿಲ್ ಪುಟ ತೆರೆದು ಹತ್ತು ನಿಮಿಷ ಮಾತಾಡಿದೆ. ಹೆಸರು, ಹೊಲ, ಟನ್ನು, ಒಟ್ಟು ಮೊತ್ತ, ಅದರ ಕೆಳಗೆ ಸಾಲದ ಕಡಿತ ಮತ್ತು ಇನ್ನೂ ಉಳಿದ ಬಾಕಿ. ಹಿಂದಿನ ಬೆಂಚಿನಲ್ಲಿ ನಮ್ಮ ಕಡೆಯ ಒಬ್ಬ ಹುಡುಗ ಕೂತಿದ್ದ. ಅವನು ಕೆಟ್ಟವನಲ್ಲ. ಮನೆಗೆ ಫೋನ್ ಮಾಡಿದಾಗ ಸಹಜವಾಗಿ ಹೇಳಿದ್ದಾನೆ. ಆ ಶನಿವಾರ ನಾನು ಬಸ್ಸಿಳಿದು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು.

ಆ ಬಿಲ್ಲಿನ ಯಜಮಾನರು ನನಗೆ ಮಾಮಾ ಆಗಬೇಕು, ವಾವೆಯಲ್ಲಿ. ಸಂಜೆ ಕಟ್ಟೆ ಮೇಲೆ ಸಿಕ್ಕರು. ಸಿಟ್ಟು ಮಾಡಲಿಲ್ಲ. “ನನ್ನ ಸಾಲ ನಿಮ್ಮ ಕಾಲೇಜಿನ ಪರದಾ ಮ್ಯಾಲ ಬಂದಿತ್ತಂತಲ್ಲೋ. ಮಗಳ ಮಾತುಕತಿ ನಡದೈತಿ, ಗೊತ್ತೈತಿಲ್ಲೋ ನಿನಗ?” ಅಂದರು. ನಾನು ತಪ್ಪಾತ್ರಿ ಮಾಮಾ ಅಂದೆ. ಅವರು ಇರಲಿ ಬಿಡು ಅಂತ ಹೋದರು. ಆ ಇರಲಿ ಬಿಡು ಈಗಲೂ ಕಿವಿಯಲ್ಲಿದೆ. ಡಿಜಿಟಲ್ ಪರ್ಸನಲ್ ಡೇಟಾ ಪ್ರೊಟೆಕ್ಷನ್ ಕಾಯ್ದೆ 2023ರಲ್ಲಿ ಬಂತು ಅಂತ ಎಕ್ಸಾಮಿನಲ್ಲಿ ಬರೆದು ಮಾರ್ಕ್ಸ್ ತಗೊಂಡವನು ನಾನೇ.

ಹೆಸರು ಬದಲಿಸಿ ಉಳಿದದ್ದು ಹಾಗೇ ಇಟ್ಟರೆ ಸಾಕಲ್ಲ ಅಂತ ಪಾರ್ಟ್‌ನರ್ ಅಂದ. ಸಾಕಾಗಲ್ಲ. ಲಟಾನ್ಯಾ ಸ್ವೀನಿ ಅನ್ನುವ ಕಂಪ್ಯೂಟರ್ ವಿಜ್ಞಾನಿ 2000ದಲ್ಲೇ ಅಮೆರಿಕದ ಜನಗಣತಿ ಅಂಕಿ ಹಿಡಿದು ಇದನ್ನ ತೋರಿಸಿದ್ದಾರೆ: ಪಿನ್‌ಕೋಡ್, ಹುಟ್ಟಿದ ತಾರೀಖು, ಲಿಂಗ, ಈ ಮೂರಿದ್ದರೆ ಅಲ್ಲಿನ 87% ಜನರನ್ನ ಹೆಸರಿಲ್ಲದೆಯೂ ಒಬ್ಬೊಬ್ಬರಾಗಿ ಬೇರ್ಪಡಿಸಬಹುದು. ನಮ್ಮೂರಿಗೆ ಮೂರೂ ಬೇಕಿಲ್ಲ. ‘ಹೋದ ವರ್ಷ ಕಬ್ಬು ಸುಟ್ಟ ಮೂರು ಎಕರೆ’ ಅಂದರೆ ಸಾಕು, ಕಟ್ಟೆ ಮೇಲಿದ್ದವರೆಲ್ಲ ಒಟ್ಟಿಗೆ ಹೆಸರು ಹೇಳುತ್ತಾರೆ. ಫೋಟೋ, ಟೇಬಲ್, ಬ್ಯಾಕಪ್ ಎಲ್ಲ ಅಳಿಸಿದೆವು. ಗಿಟ್ ಹಿಸ್ಟರಿಯಿಂದ ಅಳಿಸುವುದಕ್ಕೆ ಒಂದು ಇಡೀ ಭಾನುವಾರ ಹೋಯ್ತು.

ಹಾಗಾದರೆ ಸುಳ್ಳೂ ಅಲ್ಲ, ಯಾರದೋ ನಿಜವೂ ಅಲ್ಲ, ಅಂಥ ಡೇಟಾ ಹುಟ್ಟಿಸುವುದು ಹೇಗೆ? ನಾವು ಟೇಬಲ್ ತುಂಬುವುದನ್ನ ಬಿಟ್ಟೆವು, ಹಂಗಾಮು ನಡೆಸಿದೆವು. ಮೊದಲು ನಮ್ಮ ಲೂಪ್ ಒಂದೊಂದು ಟೇಬಲ್ಲಿಗೂ ಬೇರೆ ಬೇರೆ ಅಂಕಿ ಎರಚುತ್ತಿತ್ತು. ನಾಟಿ ಮಾಡುವುದಕ್ಕಿಂತ ಮೂರು ತಿಂಗಳ ಮೊದಲೇ ತೂಕವಾದ ಕಬ್ಬು ಅದರಲ್ಲಿತ್ತು. ಫಾರಿನ್ ಕೀ ಎಲ್ಲ ಸರಿ ಇದ್ದದ್ದರಿಂದ ಡೇಟಾಬೇಸ್ ತಕರಾರು ಮಾಡಲಿಲ್ಲ. ಹೊಸ ಪ್ರೋಗ್ರಾಮಿನಲ್ಲಿ ಒಂದು ಕ್ಯಾಲೆಂಡರ್ ಇದೆ, ದಿನ ಒಂದೊಂದೇ ಮುಂದೆ ಹೋಗುತ್ತೆ. ಒಂದು ದಿನ ಯಾರೋ ನಾಟಿ ಮಾಡುತ್ತಾರೆ, ಇನ್ನೊಂದು ದಿನ ಯಾರೋ ತೀರಿಕೊಳ್ಳುತ್ತಾರೆ. ಕಬ್ಬಿಗೆ ವಯಸ್ಸಾಗುತ್ತೆ, ಚೀಟಿ ಬರುತ್ತೆ, ಗ್ಯಾಂಗ್ ಬರುವುದು ತಡವಾಗುತ್ತೆ, ಒಣಗಿ ತೂಕ ಇಳಿಯುತ್ತೆ. ಪ್ರತಿ ಘಟನೆಯೂ ನಮ್ಮದೇ ಸಾಫ್ಟ್‌ವೇರಿನ ಬಾಗಿಲಿಂದಲೇ ಒಳಗೆ ಹೋಗಬೇಕು, ನೇರ ಟೇಬಲ್ಲಿಗೆ ಇನ್ಸರ್ಟ್ ಇಲ್ಲ. ಹೀಗೆ ಮಾಡಿದರೆ 14 ಟೇಬಲ್ಲು ತಾವಾಗಿ ಒಂದಕ್ಕೊಂದು ಹೊಂದಿಕೊಂಡು ತುಂಬುತ್ತವೆ. ರ‍್ಯಾಂಡಮ್ ಸೀಡ್ ಕಟ್ಟಿ ಇಟ್ಟಿದ್ದೇವೆ, ಅದೇ ಸೀಡಿಗೆ ಅದೇ ಹಂಗಾಮು ಮತ್ತೆ ನಡೆಯುತ್ತೆ. ಎಲ್ಲರೂ 42 ಇಡುತ್ತಾರೆ, ನಾವು 2019 ಇಟ್ಟೆವು.

ಸಣ್ಣ ಟೆಸ್ಟುಗಳಿಗೆ ಇಡೀ ಹಂಗಾಮು ಬೇಕಿಲ್ಲ. ಅದಕ್ಕೆ ಹಳೆಯ ಉಪಾಯವೊಂದಿದೆ, ಟೆಸ್ಟ್ ಡೇಟಾ ಬಿಲ್ಡರ್ ಅಂತ. ಸ್ಟೀವ್ ಫ್ರೀಮನ್ ಮತ್ತು ನ್ಯಾಟ್ ಪ್ರೈಸ್ ತಮ್ಮ 2009ರ ಪುಸ್ತಕದಲ್ಲಿ ವಿವರಿಸಿದ್ದಾರೆ. ಮೊದಲು ಎಲ್ಲಾ ಸರಿಯಿರುವ ಒಬ್ಬ ಸಾಧಾರಣ ರೈತನನ್ನ ಕೊಡುವ ಫಂಕ್ಷನ್. ಆಮೇಲೆ ಆ ಟೆಸ್ಟಿಗೆ ಬೇಕಾದ ಒಂದೇ ಒಂದು ಸಂಗತಿ ಬದಲಿಸುವುದು. ನಮ್ಮ ಕೋಡಿನಲ್ಲಿ ಆ ಬದಲಾವಣೆಗಳ ಹೆಸರುಗಳೆಲ್ಲ ಕಾಕಾ ಬಾಯಿಂದ ಬಂದವು: ಪಹಣಿ ಅಜ್ಜನ ಹೆಸರಲ್ಲಿ, ಕಬ್ಬು ಸುಟ್ಟಿದೆ, ಅಳಿಯನ ಕಬ್ಬು. ಟೆಸ್ಟ್ ಕೆಂಪಾದರೆ ಯಾಕೆ ಕೆಂಪಾಯಿತು ಅಂತ ಓದಿದ ಕೂಡಲೇ ತಿಳಿಯುತ್ತೆ. ‘ರೈತ 317’ ಅಂತಿದ್ದಾಗ ತಿಳಿಯುತ್ತಿರಲಿಲ್ಲ.

ದರದ ಕಥೆ ಬೇರೆಯೇ. 2025-26ರ ಹಂಗಾಮಿಗೆ ಕೇಂದ್ರದ ಎಫ್‌ಆರ್‌ಪಿ ಕ್ವಿಂಟಾಲಿಗೆ 355 ರೂಪಾಯಿ, ಸಕ್ಕರೆ ರಿಕವರಿ 10.25% ಇದ್ದರೆ. ಪ್ರತಿ 0.1%ಗೆ 3.46 ರೂಪಾಯಿ ಹೆಚ್ಚು ಅಥವಾ ಕಡಿಮೆ. 9.5%ಗಿಂತ ಕೆಳಗೆ ಎಷ್ಟೇ ಇಳಿದರೂ 329.05ಕ್ಕೆ ನಿಲ್ಲುತ್ತೆ. ನಮ್ಮ ಲೂಪ್ ರಿಕವರಿಯನ್ನ 8ರಿಂದ 12ರ ನಡುವೆ ಎರಡು ದಶಮಾಂಶಕ್ಕೆ ಎಸೆಯುತ್ತಿತ್ತು. ಅಂದರೆ 401 ಬೆಲೆಗಳಲ್ಲಿ ಸರಿಯಾಗಿ 9.50 ಬೀಳುವುದು ಒಂದೇ. ಜಗಳ ಬರುವುದು ಅಲ್ಲೇ. 10.25ರಿಂದ 9.5ಕ್ಕೆ ಏಳೂವರೆ ಹೆಜ್ಜೆ. ಆ ಅರ್ಧ ಹೆಜ್ಜೆಯನ್ನ ಕೋಡು ಕೆಳಗೆ ರೌಂಡ್ ಮಾಡಿ ಏಳೇ ಹಿಡಿದರೆ 330.78 ಬರುತ್ತೆ. ಕ್ವಿಂಟಾಲಿಗೆ 1.73ರ ವ್ಯತ್ಯಾಸ. ಹತ್ತು ಕ್ವಿಂಟಾಲಿಗೆ ಒಂದು ಟನ್, ಎಷ್ಟು ಟನ್ ಅಂತ ನೀವೇ ಗುಣಿಸಿಕೊಳ್ಳಿ. ನಾವು ಹಾಗೇ ರೌಂಡ್ ಮಾಡಿದ್ದೆವು.

ಇಷ್ಟು ತಿದ್ದುವಷ್ಟರಲ್ಲಿ ದರವೇ ಅಲ್ಲಾಡಿಬಿಟ್ಟಿತ್ತು. 2025ರ ನವೆಂಬರಿನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ಕೊಡಿ ಅಂತ ಕೂತದ್ದು, ನಮ್ಮ ಹತ್ತರಗಿ ಟೋಲ್ ಹತ್ತಿರವೂ ಹೆದ್ದಾರಿ ನಿಂತದ್ದು ನೀವೆಲ್ಲ ಟಿವಿಯಲ್ಲಿ ನೋಡಿದ್ದೀರಿ. ಕೊನೆಗೆ ಸರ್ಕಾರ 3,300 ಘೋಷಿಸಿತು, ಅದರಲ್ಲಿ 50 ರೂಪಾಯಿ ಸರ್ಕಾರದ್ದು. ಮನೆಯಲ್ಲಿ ಎಲ್ಲರೂ ಅದರ ಲಾಭ ನಷ್ಟ ಮಾತಾಡುತ್ತಿದ್ದರೆ ನನ್ನ ತಲೆಯಲ್ಲಿ ಓಡಿದ್ದು, ಒಂದೇ ಬಿಲ್ಲಿಗೆ ಈಗ ಇಬ್ಬರು ಕೊಡುವವರು, ಬಿಲ್ ಟೇಬಲ್ಲಿನಲ್ಲಿ ಅದಕ್ಕೆ ಕಾಲಮ್ಮೇ ಇಲ್ಲವಲ್ಲ ಅಂತ. ಸ್ವಾರ್ಥ ಅನ್ನಿ.

ರ‍್ಯಾಂಡಮ್ ಡೇಟಾವನ್ನ ಪೂರ್ತಿ ಬೈಯ್ಯಲಾರೆ. ಹೈಪಾಥಿಸಿಸ್ ಅಂತ ಪೈಥಾನ್ ಲೈಬ್ರರಿ ಇದೆ, 2000ದ ಸುಮಾರಿಗೆ ಹ್ಯಾಸ್ಕೆಲ್ ಭಾಷೆಗೆ ಬಂದ ಕ್ವಿಕ್‌ಚೆಕ್ಕಿನ ದಾರಿಯದು. ಉದಾಹರಣೆ ಕೊಡುವ ಬದಲು ನಿಯಮ ಕೊಡಬೇಕು, ಅದನ್ನ ಮುರಿಯುವ ಡೇಟಾವನ್ನ ಅದೇ ಹುಡುಕುತ್ತೆ. ರೈತನ ಕೈಗೆ ಬರುವ ಮೊತ್ತ ಯಾವತ್ತೂ ಸೊನ್ನೆಗಿಂತ ಕಡಿಮೆ ಇರಬಾರದು ಅಂತ ಬರೆದೆ. ಒಂದು ನಿಮಿಷದಲ್ಲಿ ಮುರಿದು ಕೊಟ್ಟಿತು: ಒಂದು ಟನ್ ಕಬ್ಬು, ಅದಕ್ಕಿಂತ ದೊಡ್ಡ ಸಾಲ. ಇಂಥದ್ದು ಆಗೋದುಂಟೇ ಅಂತ ಕಾಕಾಗೆ ಫೋನ್ ಮಾಡಿದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. “ನೆರಿ ಬಂದ ವರ್ಷ ನಮ್ಮ ಮನ್ಯಾಗ ಆಗೈತಿ. ನಿಮ್ಮಪ್ಪ ನಿನಗ ಹೇಳಿಲ್ಲೇನು?” ಅಂದರು.

ಹೇಳಿರಲಿಲ್ಲ. ಅವತ್ತು ಆ ಟೆಸ್ಟಿಗೆ ಉಳಿದ ಬಾಕಿಯನ್ನ ಮುಂದಿನ ಹಂಗಾಮಿಗೆ ಒಯ್ಯುವ ಕೋಡ್ ಬರೆದು ಮಲಗಿದೆ.

ಈಗ ಫೈನಲ್ ಡೆಮೋಗೆ ಹನ್ನೆರಡು ದಿನ ಇದೆ. ಕ್ಷೇತ್ರವನ್ನ ಆಣೆಯಲ್ಲಿ ಇಂಟೀಜರ್ ಆಗಿ ಇಟ್ಟಿದ್ದೇವೆ, ತೋರಿಸುವಾಗ ಮಾತ್ರ ಎಕರೆ ಗುಂಟೆ. ನಿನ್ನೆ ರಾತ್ರಿ ಕಾಕಾ ತಾವಾಗಿಯೇ ಫೋನ್ ಮಾಡಿದರು. “ತಮ್ಮಾ, ಇನ್ನೊಂದು ನೆನಪಾತು ನೋಡು. ಹೈವೇ ದಾಟೋ ಮುಂದ ಹಿಂದಿನ ಟ್ರೇಲರ್ ಪಲ್ಟಿ ಆತಂತ ತಿಳ್ಕೋ. ಆ ಕಬ್ಬು ಎತ್ತಿ ಬ್ಯಾರೆಯವ್ರ ಗಾಡಿಗೆ ಹಾಕ್ತಾರ. ಆ ಗಾಡಿಯೊಳಗ ಮೊದಲ ಅವರ ಕಬ್ಬು ಅರ್ಧ ಇರ್ತೈತಿ. ಕಾಟಾ ಒಂದ ಆಗೋದು. ತೂಕ ಯಾರಿಗೆ ಎಷ್ಟು?”

ಅವಾಗ ಏನ್ ಮಾಡ್ತಾರ್ರಿ ಕಾಕಾ, ಅಂತ ಕೇಳಿದೆ.

“ಅಲ್ಲೇ ನಿಂತು ಜಗಳಾಡ್ತಾರ” ಅಂದು ಫೋನ್ ಇಟ್ಟರು. ಆ ಟೆಸ್ಟ್ ಬರೆದಿದ್ದೇವೆ, ಇನ್ನೂ ಕೆಂಪಿದೆ.